ಪಟ್ಟಿಯಲ್ಲಿ ಒಂದನೇ ನಂಬರ್, ಮೈದಾನದಲ್ಲಿ 34ಕ್ಕೆ 2

2024ರ ಏಪ್ರಿಲ್. ಜಾಕ್ಸನ್ ಹಾಲಿಡೇ ನಮ್ಮ ಬಾಲ್ಟಿಮೋರ್ ಓರಿಯೋಲ್ಸ್ ಬೇಸ್‌ಬಾಲ್ ತಂಡಕ್ಕೆ ಬಂದಾಗ ಅವನಿಗೆ ಬರೀ ಇಪ್ಪತ್ತು ವರ್ಷ. ಆ ವರ್ಷದ ಬೇಸ್‌ಬಾಲ್ ಪ್ರಾಸ್ಪೆಕ್ಟ್ (ಭರವಸೆಯ ಹೊಸ ಆಟಗಾರರ) ಪಟ್ಟಿಗಳಲ್ಲಿ ಒಂದನೇ ಹೆಸರು ಅವನದು. ಮೊದಲ ಹತ್ತು ಪಂದ್ಯಗಳಲ್ಲಿ 34 ಅಟ್ ಬ್ಯಾಟ್ (ಬ್ಯಾಟಿಂಗ್ ಸರದಿ), 2 ಹಿಟ್ (ಹೊಡೆದು ಬೇಸ್ ತಲುಪಿದ್ದು), ಮೂರು ಸ್ಟ್ರೈಕ್ ಬಿದ್ದು ಔಟಾದ 18 ಸ್ಟ್ರೈಕ್‌ಔಟ್. ತಿಂಗಳು ಮುಗಿಯುವ ಮೊದಲೇ ಅವನನ್ನು ವಾಪಸ್ ಕೆಳಹಂತದ ಮೈನರ್ ಲೀಗ್‌ಗೆ ಕಳಿಸಿದರು.

ಮೇರಿಲ್ಯಾಂಡ್‌ನಲ್ಲಿರುವ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಆ ವಾರವೆಲ್ಲ ಇದೇ ಜಗಳ. "ಈ ರ‍್ಯಾಂಕಿಂಗ್ ಎಲ್ಲ ಸುಮ್ನೆ ಕಣ್ರೀ, ಪತ್ರಿಕೆ ಮಾರೋಕೆ ಮಾಡ್ತಾರೆ" ಅಂದರು ಒಬ್ಬರು. "ಹುಡುಗ ಮುಗಿದ" ಅಂದರು ಇನ್ನೊಬ್ಬರು. ಎರಡು ಮಾತೂ ನನಗೆ ಬೇಜಾರು ತಂದವು. ಅವತ್ತು ಫೋನಿನಲ್ಲಿ ಉದ್ದಕ್ಕೆ ಬರೆಯಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಈ ಪಟ್ಟಿಗಳನ್ನು ಗಾಳಿಯಲ್ಲಿ ಬರೆಯುವುದಿಲ್ಲ. ಸ್ಕೌಟ್‌ಗಳು ಊರೂರು ಸುತ್ತಿ ಹುಡುಗರ ಆಟ ನೋಡುತ್ತಾರೆ. ಬ್ಯಾಟಿಗೆ ಚೆಂಡು ತಾಗಿಸುವುದು, ಜೋರಾಗಿ ಹೊಡೆಯುವುದು, ಓಟ, ಫೀಲ್ಡಿಂಗ್, ಎಸೆತ, ಈ ಐದಕ್ಕೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಅಂದರೆ ಎಲ್ಲಕ್ಕಿಂತ ಮೇಲಿನ ಹಂತವಾದ ಮೇಜರ್ ಲೀಗ್‌ನ ಸರಾಸರಿ ಆಟಗಾರ. ಓಟವನ್ನು ಸ್ಟಾಪ್‌ವಾಚ್ ಹೇಳುತ್ತದೆ, ಎಸೆತವನ್ನು ರೇಡಾರ್ ಗನ್ ಹೇಳುತ್ತದೆ. ಆದರೆ ಚೆಂಡು ತಾಗಿಸುವ ಕಲೆಯನ್ನು ಅಳೆಯುವುದು ಬಹಳ ಕಷ್ಟ. ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದೂ ಅದೇ!

ಹಾಲಿಡೇಯ 2023 ನೋಡಿ. ಹತ್ತೊಂಬತ್ತನೇ ವಯಸ್ಸಿಗೆ ಒಂದೇ ವರ್ಷದಲ್ಲಿ ಡೆಲ್ಮಾರ್ವಾ, ಆಬರ್ಡೀನ್, ಬೋವಿ, ನಾರ್ಫೋಕ್ ಹೀಗೆ ಮೈನರ್ ಲೀಗ್‌ನ ನಾಲ್ಕು ಮೆಟ್ಟಿಲು ಹತ್ತಿದ. ಬ್ಯಾಟಿಂಗ್ ಸರಾಸರಿ .323, ಅಂದರೆ ಸಾವಿರ ಅಟ್ ಬ್ಯಾಟ್‌ಗೆ 323 ಹಿಟ್‌ನ ಲೆಕ್ಕ. ಬೋವಿಯಲ್ಲಿ ನಾನು ಮಗನ ಜೊತೆ ಅವನನ್ನು ನೋಡಿದ್ದೆ. ಕೆಟ್ಟ ಚೆಂಡಿಗೆ ಬ್ಯಾಟ್ ಅಲ್ಲಾಡಿಸುತ್ತಲೇ ಇರಲಿಲ್ಲ. ಅಂಥವನನ್ನು ಒಂದನೇ ಸ್ಥಾನದಲ್ಲಿ ಇಡದೆ ಇನ್ನೆಲ್ಲಿ ಇಡಬೇಕಿತ್ತು? ಆದರೆ ಅವನು ಅಲ್ಲಿಯವರೆಗೆ ಸರಿಯಾಗಿ ಸೋತೇ ಇರಲಿಲ್ಲ. ಕೆಳಹಂತದ ಪಿಚರ್‌ಗಳು (ಚೆಂಡು ಎಸೆಯುವವರು) ತಪ್ಪು ಮಾಡುತ್ತಾರೆ, ಕಾದರೆ ಸಾಕು. ಮೇಲಿನವರು ನಿಮ್ಮ ದೌರ್ಬಲ್ಯ ಎಲ್ಲಿದೆ ಅಂತ ಎರಡೇ ದಿನದಲ್ಲಿ ಕಂಡುಹಿಡಿದು ಪ್ರತಿ ಸಲ ಅಲ್ಲಿಗೇ ಎಸೆಯುತ್ತಾರೆ. ಹಾಗೆ ಸೋತ ಮೇಲೆ ಹುಡುಗ ತನ್ನ ಆಟವನ್ನು ಹೇಗೆ ಬದಲಾಯಿಸಿಕೊಳ್ಳುತ್ತಾನೆ ಅನ್ನುವುದಕ್ಕೆ ಯಾವ ಸ್ಕೌಟ್ ಮೊದಲೇ ಅಂಕ ಕೊಡಲು ಸಾಧ್ಯ?

ಪಟ್ಟಿ ಸುಳ್ಳು ಅನ್ನುವವರಿಗೆ ನಮ್ಮ ತಂಡವೇ ಉತ್ತರ. 2022ರಲ್ಲಿ ಆಡ್ಲಿ ರಚ್‌ಮನ್, 2023ರಲ್ಲಿ ಗನ್ನರ್ ಹೆಂಡರ್ಸನ್, ಆಮೇಲೆ ಹಾಲಿಡೇ. ಮೂರು ವರ್ಷ ಬೇಸ್‌ಬಾಲ್ ಅಮೆರಿಕ ಪತ್ರಿಕೆಯ ಪಟ್ಟಿಯಲ್ಲಿ ಒಂದನೇ ಸ್ಥಾನ ನಮ್ಮ ಹುಡುಗರದ್ದೇ. ಹೆಂಡರ್ಸನ್ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ನಮ್ಮದು) 2023ರ ರೂಕಿ ಆಫ್ ದಿ ಇಯರ್, ಅಂದರೆ ವರ್ಷದ ಅತ್ಯುತ್ತಮ ಹೊಸಬ, ಒಂದು ಮತವೂ ಬೇರೆಯವರಿಗೆ ಹೋಗಲಿಲ್ಲ. 2021ರಲ್ಲಿ 110 ಪಂದ್ಯ ಸೋತಿದ್ದ ತಂಡ 2023ರಲ್ಲಿ 101 ಗೆದ್ದಿತು. ಪಟ್ಟಿ ನಂಬಿದವರು ಮೂರ್ಖರಾಗಿರಲಿಲ್ಲ.

ಅದೇ 2023ರಲ್ಲಿ ಕೊನೆಯ ಇನ್ನಿಂಗ್ಸ್‌ಗೆ ಬಂದು ಪಂದ್ಯ ಮುಗಿಸಿಕೊಡುತ್ತಿದ್ದವನು ಫೆಲಿಕ್ಸ್ ಬಟಿಸ್ಟಾ. ಡೊಮಿನಿಕನ್ ರಿಪಬ್ಲಿಕ್‌ನವನು. ಮಯಾಮಿ ತಂಡ 2015ರಲ್ಲಿ ಬೇಡ ಅಂತ ಕೈಬಿಟ್ಟಿತ್ತು. ದೊಡ್ಡ ಪಟ್ಟಿಗಳಲ್ಲಿ ಅವನ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ. ಮೇಜರ್ ಲೀಗ್‌ಗೆ ಬಂದಾಗ 26 ವರ್ಷ. ಮರುವರ್ಷವೇ ಅಮೆರಿಕನ್ ಲೀಗ್‌ನ ಅತ್ಯುತ್ತಮ ರಿಲೀವರ್, ಅಂದರೆ ಪಂದ್ಯದ ಮಧ್ಯೆ ಇಳಿಯುವ ಪಿಚರ್. ಅವನು ಒಂಬತ್ತನೇ ಇನ್ನಿಂಗ್ಸ್‌ಗೆ ಓಡಿ ಬರುವಾಗ ನಮ್ಮ ತಂಡದ ಮೈದಾನ ಕ್ಯಾಮ್ಡನ್ ಯಾರ್ಡ್ಸ್‌ನಲ್ಲಿ ಆಗುತ್ತಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಇನ್ನು ಮೈ ಕೈಕೊಟ್ಟರೆ? ಹೆಸ್ಟನ್ ಕೆರ್‌ಸ್ಟಾಡ್ 2020ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಎರಡನೇ ಆಯ್ಕೆ. ಹೃದಯದ ಸ್ನಾಯುವಿನ ಉರಿಯೂತ ಬಂದು 2021 ಪೂರ್ತಿ ಆಡಲಿಲ್ಲ. ಗ್ರೇಸನ್ ರಾಡ್ರಿಗೆಸ್ ಪಟ್ಟಿಯ ಪಿಚರ್‌ಗಳ ಪೈಕಿ ಎಲ್ಲರಿಗಿಂತ ಮೇಲಿದ್ದ ಹುಡುಗ. 2025ರಲ್ಲಿ ಗಾಯದಿಂದ ಒಂದು ಪಂದ್ಯವನ್ನೂ ಆಡಲಿಲ್ಲ. ಪಿಚರ್‌ಗಳ ರ‍್ಯಾಂಕ್ ಅಂದರೆ ನನಗೆ ಮೊದಲಿಂದಲೂ ಭಯ. ಭುಜ, ಮೊಣಕೈ ಯಾವಾಗ ಏನಾಗುತ್ತದೋ ಹೇಳೋಕಾಗಲ್ಲ.

ನಾನು ಪಟ್ಟಿ ಓದುವುದು ಹೀಗೆ. ಮೊದಲ ಹತ್ತು ಹೆಸರುಗಳಿಗೆ ಬೆಲೆ ಕೊಡುತ್ತೇನೆ. ನಲವತ್ತನೆಯವನಿಗೂ ತೊಂಬತ್ತನೆಯವನಿಗೂ ದೊಡ್ಡ ವ್ಯತ್ಯಾಸ ಇದೆ ಅಂತ ನಂಬುವುದಿಲ್ಲ. ಬಂದ ಹುಡುಗನಿಗೆ ಕನಿಷ್ಠ ಎರಡು ವರ್ಷ ಕೊಡಬೇಕು. ಮೈದಾನದಲ್ಲಿ ಅವನನ್ನು ನೋಡಿ ಬೂ ಅಂತ ಕೂಗುವುದು ತಪ್ಪು. ಒಂದನೇ ನಂಬರ್ ಹಾಕಿಕೊಡಿ ಅಂತ ಅವನು ಯಾರನ್ನೂ ಕೇಳಿರಲಿಲ್ಲ, ಅಲ್ವಾ?

ಹಾಲಿಡೇ 2024ರ ಜುಲೈ 31ಕ್ಕೆ ಮತ್ತೆ ಬಂದ. ಟೊರಾಂಟೊ ಎದುರು ಮೂರೂ ಬೇಸ್ ತುಂಬಿದ್ದಾಗ ಹೊಡೆದ ಚೆಂಡು ಮೈದಾನದ ಪಕ್ಕದ ಯೂಟಾ ಸ್ಟ್ರೀಟ್‌ಗೆ ಹೋಗಿ ಬಿತ್ತು. ಅವನ ಮೊದಲ ಹೋಮ್ ರನ್ನೇ ಗ್ರ್ಯಾಂಡ್ ಸ್ಲ್ಯಾಮ್, ಒಂದೇ ಹೊಡೆತಕ್ಕೆ ನಾಲ್ಕು ರನ್. ಮಗ ಸೋಫಾ ಮೇಲೆ ಹತ್ತಿ ಕುಣಿದ. ಆದರೂ ಆ ವರ್ಷದ ಸರಾಸರಿ ನಿಂತಿದ್ದು .189ಕ್ಕೆ. 2025ರಲ್ಲಿ ಎರಡನೇ ಬೇಸ್ ಅವನ ಜಾಗವಾಯಿತು. ಸ್ಟಾರ್ ಆಗಿಲ್ಲ, ಆಗುವುದಿಲ್ಲ ಅಂತಲೂ ಯಾರೂ ಹೇಳುವಂತಿಲ್ಲ.

2025ರ ಆಗಸ್ಟ್‌ನಲ್ಲಿ ಸ್ಯಾಮ್ಯುಯೆಲ್ ಬಸಾಯೋ ಬಂದ. ಬ್ಯಾಟ್ ಮಾಡುವವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್, ಪಟ್ಟಿಗಳಲ್ಲಿ ಮೇಲಿದ್ದವನು. ಬಂದ ವಾರದಲ್ಲೇ ತಂಡ ಎಂಟು ವರ್ಷದ ಒಪ್ಪಂದ ಮಾಡಿಕೊಂಡಿತು. ಶುರುವಿನಲ್ಲಿ ಅವನ ಬ್ಯಾಟೂ ಅಷ್ಟಾಗಿ ಓಡಲಿಲ್ಲ. "ಇವನೂ ಅಷ್ಟೇ" ಅಂತ ಗುಂಪಿನಲ್ಲಿ ಮೆಸೇಜ್ ಬಂತು. ಆಗ ಅವನಿಗೆ ಬರೀ 21 ವರ್ಷ ರೀ. 2027ರ ಆಗಸ್ಟ್‌ನಲ್ಲಿ ಮಾತಾಡೋಣ.