ನಿಮ್ಮದು ಯಾವ ಗಾಡಿ, ಯಾವ ಪೈಕಿ?

ಹೋದ ತಿಂಗಳು ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಮಾತಿಗೆಳೆದರು. ಊರು ಯಾವುದು, ಕೆಲಸ ಏನು, ಮಕ್ಕಳೆಷ್ಟು, ಎಲ್ಲಾ ಆಯ್ತು. ಇದಾದ ಮೇಲಿನ ಪ್ರಶ್ನೆ ಏನು ಅಂತ ನಮಗೆಲ್ಲ ಗೊತ್ತೇ ಇದೆ, 'ನೀವು ಯಾವ ಪೈಕಿ?' ಅಂತ ಬರಬೇಕು. ನಾನು ಹೋಳಿಗೆ ಮುರಿಯುತ್ತಾ ಕಾಯುತ್ತಿದ್ದೆ. ಅವರು ನನ್ನ ಕಾಲ ಹತ್ತಿರ ಇದ್ದ ಹೆಲ್ಮೆಟ್ ನೋಡಿ, 'ಯಾವ ಗಾಡಿ?' ಅಂದರು. ಸ್ಪ್ಲೆಂಡರ್, ಹದಿಮೂರು ವರ್ಷ ಆಯ್ತು ತಗೊಂಡು, ಅಂದೆ. 'ಓ...' ಅಂದರು. ಅಷ್ಟೇ. ಆಮೇಲೆ ನನ್ನ ಕಡೆ ತಿರುಗಲೇ ಇಲ್ಲ. ಆ ಕಡೆ ಕೂತಿದ್ದವರ ಹತ್ತಿರ ಪಾಯಸದಲ್ಲಿ ಗೋಡಂಬಿ ಕಡಿಮೆ ಆಗಿದೆ ಅಂತ ಮಾತಾಡತೊಡಗಿದರು. ಕೈ ತೊಳೆಯುವಾಗ ನೋಡಿದೆ, ಅವರ ಕೀ ಬಂಚಿನಲ್ಲಿ ಇಷ್ಟುದ್ದದ ಬುಲೆಟ್ ನೇತಾಡುತ್ತಿತ್ತು.

ಗಾಡಿಗಳಲ್ಲಿ ಜಾತಿ ಇಲ್ಲ ಅಂತ ನಂಬಿದ್ದವನು ನಾನು. ಎರಡು ಚಕ್ರ, ಒಂದು ಟ್ಯಾಂಕು, ಒಂದು ಹ್ಯಾಂಡಲ್. ಮಳೆ ಬಂದರೆ ಎಲ್ಲರೂ ಒಂದೇ ಫ್ಲೈಓವರ್ ಕೆಳಗೆ ಒದ್ದೆ ಬೆಕ್ಕಿನ ಥರ ನಿಲ್ಲುತ್ತೇವೆ. ಇಷ್ಟರಲ್ಲಿ ಮೇಲು ಕೀಳು ಎಲ್ಲಿಂದ ಬರಬೇಕು? ಆದರೆ ಬಂದಿದೆ. ಮಡಿ ಇದೆ, ಮೈಲಿಗೆ ಇದೆ, ಪಂಕ್ತಿಭೇದ ಇದೆ. ಭಾನುವಾರ ಬೆಳಿಗ್ಗೆ ಸಾಮೂಹಿಕ ಪೂಜೆಯೂ ಇದೆ, ಅದಕ್ಕೆ ಬ್ರೇಕ್‌ಫಾಸ್ಟ್ ರೈಡ್ ಅಂತ ಹೆಸರು.

ಬುಲೆಟ್ ಮನೆತನವನ್ನೇ, ಅಂದರೆ ರಾಯಲ್ ಎನ್‌ಫೀಲ್ಡ್ ಗಾಡಿಯವರನ್ನೇ ತಗೊಳ್ಳಿ. ಹೊರಗಿನವರಿಗೆ ಅದು ಬರೀ ಬುಲೆಟ್, ಡುಗ್ ಡುಗ್ ಅಂತ ಬರುತ್ತೆ, ಹೋಗುತ್ತೆ. ಒಳಗೆ ಹೋದರೆ ಒಳಪಂಗಡಗಳು ಗೊತ್ತಾಗುತ್ತವೆ. ಹಳೇ ಕಾಸ್ಟ್ ಐರನ್ ಎಂಜಿನ್ ಇಟ್ಟುಕೊಂಡವನು ಎಲ್ಲರಿಗಿಂತ ಮೇಲೆ. ಅವನಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಆ ಗಾಡಿ ಸ್ಟಾರ್ಟ್ ಮಾಡುವುದು ಸಂಧ್ಯಾವಂದನೆ ಇದ್ದ ಹಾಗೆ, ಕ್ರಮ ತಪ್ಪುವ ಹಾಗಿಲ್ಲ. ಆಂಪಿಯರ್ ಮೀಟರಿನ ಮುಳ್ಳು ನೋಡಬೇಕು, ಕಿಕ್ಕರ್ ಮೆಲ್ಲಗೆ ಒತ್ತಬೇಕು, ಎಂಜಿನ್ ಒಳಗಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಹಿಡಿದು ಮುಳ್ಳನ್ನು ಮಧ್ಯಕ್ಕೆ ತರಬೇಕು, ಆಮೇಲೆ ಮನೆದೇವರ ಹೆಸರು ಹೇಳಿ ಒಂದು ಒದೆ. ಕ್ರಮ ತಪ್ಪಿದರೆ ಕಿಕ್ಕರ್ ವಾಪಸ್ ಒದೆಯುತ್ತೆ. ಪ್ಯಾಂಟು ಮೇಲೆತ್ತಿ ಆ ಗಾಯದ ಕಲೆ ತೋರಿಸುವಾಗ ಅವರ ಮುಖ ನೋಡಬೇಕು, ಯುದ್ಧಕ್ಕೆ ಹೋಗಿ ಬಂದವರೂ ಅಷ್ಟು ಹೆಮ್ಮೆಯಿಂದ ತೋರಿಸಲಿಕ್ಕಿಲ್ಲ.

ಇವರ ಲೆಕ್ಕದಲ್ಲಿ ಎಡಗಾಲಿಗೆ ಗೇರು ಇರುವವನು, ಸೆಲ್ಫ್ ಸ್ಟಾರ್ಟ್ ಗುಂಡಿ ಒತ್ತುವವನು ಕುಲಗೆಟ್ಟವನು. ಆದರೆ ಹಾಗೆ ಅನ್ನಿಸಿಕೊಂಡವನು ಸುಮ್ನೆ ಇರ್ತಾನಾ? ಅವನಿಗೂ ಕೆಳಗೆ ಒಬ್ಬ ಬೇಕಲ್ಲ. 2020ರಲ್ಲಿ ಬಂದ ಹೊಸ ಜೆ ಸೀರೀಸ್ ಎಂಜಿನ್ ತಗೊಂಡವನನ್ನು ಹಿಡಿದುಕೊಂಡ. 'ಅದು ಬುಲೆಟ್ಟಾ? ವೈಬ್ರೇಶನ್ನೇ ಇಲ್ಲ' ಅನ್ನುತ್ತಾನೆ. ಗಮನಿಸಿ, ಗಾಡಿ ನಡುಗುವುದಿಲ್ಲ ಅನ್ನುವುದು ಇಲ್ಲಿ ದೂರು! ಹಲ್ಲು ಕಟಕಟ ಅನ್ನುವುದಿಲ್ಲ, ನಟ್ಟು ಬೋಲ್ಟು ದಾರಿಯಲ್ಲಿ ಉದುರುವುದಿಲ್ಲ, ಕನ್ನಡಿಯಲ್ಲಿ ನೋಡಿದರೆ ಹಿಂದಿನ ಲಾರಿ ಒಂದೇ ಕಾಣುತ್ತೆ, ಮೂರು ಕಾಣುವುದಿಲ್ಲ, ಇದೆಂಥ ಬುಲೆಟ್ಟು ಸ್ವಾಮಿ. ಆಯಿಲ್ ಸೋರುತ್ತಿದೆಯಲ್ಲ ಅಂತ ಹಳೇ ಗಾಡಿಯವನಿಗೆ ಹೇಳಿ ನೋಡಿ. 'ಸೋರುತ್ತಿದೆ ಅಂದ್ರೆ ಒಳಗೆ ಆಯಿಲ್ ಇದೆ ಅಂತ ಅರ್ಥ' ಅನ್ನುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು, ನಾವೇನು ಹೇಳೋಣ.

ಇನ್ನು ಆ ಅಲಂಕಾರ. ಹ್ಯಾಂಡಲ್‌ಗೆ ಟಿಬೆಟಿನ ಬಣ್ಣದ ಬಾವುಟಗಳು, ಎರಡೂ ಪಕ್ಕ ಮಿಲಿಟರಿ ಹಸಿರಿನ ಜೆರ್ರಿ ಕ್ಯಾನು, ಟ್ಯಾಂಕಿನ ಮೇಲೆ ಲಡಾಖಿನ ಬೆಟ್ಟದ ದಾರಿ ಖಾರ್ದುಂಗ್ ಲಾ ಸ್ಟಿಕ್ಕರ್. ನಮ್ಮ ಬೀದಿಯಲ್ಲಿ ಅಂಥದ್ದೊಂದು ಇದೆ. ಬೆಳಿಗ್ಗೆ ಒಂಬತ್ತಕ್ಕೆ ಜಯನಗರಕ್ಕೆ ಹೋಗುತ್ತೆ, ಸಂಜೆ ಏಳಕ್ಕೆ ವಾಪಸ್ ಬರುತ್ತೆ. ಒಂದು ದಿನ ಆ ಜೆರ್ರಿ ಕ್ಯಾನಿನ ಮುಚ್ಚಳ ತೆಗೆದಾಗ ಪಕ್ಕದಲ್ಲೇ ಇದ್ದೆ. ಒಳಗೆ ಒಂದು ಕೊಡೆ, ಮತ್ತೆ ಎರಡು ಕಟ್ಟು ದಂಟಿನ ಸೊಪ್ಪು.

ಇಂಥವರ ಹತ್ತಿರ ಏನು ಬೇಕಾದರೂ ಕೇಳಿ, 'ಎಷ್ಟು ಕೊಡುತ್ತೆ?' ಅಂತ ಮಾತ್ರ ಕೇಳಬಾರದು. ಅದು ದೊಡ್ಡ ಗಾಡಿಯವರ ಮನೆಗಳಲ್ಲೆಲ್ಲ ಬೈಗುಳ. ಬುಲೆಟ್ ಇರಲಿ, ಇಂಪೋರ್ಟೆಡ್ ಇರಲಿ, ಮೈಲೇಜ್ ಕೇಳಿದರೆ 'ಮೈಲೇಜ್ ನೋಡೋರು ಇದನ್ನ ತಗೊಳ್ಳಲ್ಲ' ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಆದರೆ ಕೇಳದೇ ಇರುವುದು ನಮ್ಮ ಜನರ ಕೈಲಿ ಆಗದ ಮಾತು. ಮೆಜೆಸ್ಟಿಕ್ಕಿನಲ್ಲಿ ವಿಮಾನ ತಂದು ನಿಲ್ಲಿಸಿದರೂ ಯಾರಾದರೂ ಒಬ್ಬ ಪೈಲಟ್ ಹತ್ತಿರ ಹೋಗಿ, ರೆಕ್ಕೆ ಒಂದ್ಸಲ ತಟ್ಟಿ, 'ಲೀಟರ್‌ಗೆ ಎಷ್ಟು ಕೊಡುತ್ತೆ ಸಾರ್?' ಅನ್ನದೇ ಬಿಡುವುದಿಲ್ಲ.

ಮೈಸೂರು ಕಡೆಯವರಿಗೆ ಬುಲೆಟ್ಟಿನ ಮಾತೆಲ್ಲ ಹಿಡಿಸುವುದಿಲ್ಲ. ಅವರದು ಜಾವಾ, ಯೆಜ್ಡಿ. ಅದಕ್ಕೆ ಕಾರಣವೂ ಇದೆ ಬಿಡಿ. ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದದ್ದು ಅಲ್ಲೇ ಯಾದವಗಿರಿಯಲ್ಲಿ. 1961ರಿಂದ 1996ರ ತನಕ ಗಾಡಿಗಳು ಅಲ್ಲಿಂದಲೇ ಹೊರಟವು. ಕಿಕ್ಕರ್ರೇ ಗೇರ್ ಲಿವರ್ ಕೂಡ ಆಗುವ ಚಮತ್ಕಾರ, ಎರಡು ಸೈಲೆನ್ಸರು, ಹಿಂದೆ ನೀಲಿ ಹೊಗೆ. 'ನಮ್ಮ ಮಣ್ಣಿನ ಗಾಡಿ' ಅಂತ ಅವರು ಕಣ್ಣಲ್ಲಿ ನೀರು ತುಂಬಿಕೊಂಡರೆ ನನಗೂ ಗಂಟಲು ಕಟ್ಟುತ್ತೆ, ಸುಳ್ಳು ಹೇಳಲ್ಲ. ಆದರೆ ಕೇಳುತ್ತಾ ಹೋದರೆ ಆ ಮಣ್ಣು ಬಂದದ್ದು ಚೆಕೊಸ್ಲೊವಾಕಿಯಾದಿಂದ. ಜಾವಾ ಅನ್ನುವ ಹೆಸರೇ ಒಂದು ಜಂಟಿ ಖಾತೆ. ಅಲ್ಲಿನ ಯಾನೆಚೆಕ್ (Janeček) ಅನ್ನುವ ಯಜಮಾನನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ (Wanderer) ಅನ್ನುವ ಜರ್ಮನ್ ಕಂಪನಿಯ ಮೊದಲೆರಡು ಅಕ್ಷರ ಸೇರಿಸಿ 1929ರಲ್ಲಿ ಕಟ್ಟಿದ್ದು. 2018ರಲ್ಲಿ ಜಾವಾ ಮತ್ತೆ ಬಂತಲ್ಲ, ಅದು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹಳೇ ಜಾವಾದವರು ಅದನ್ನು ನೋಡುವ ರೀತಿ ಇದೆಯಲ್ಲ, ದತ್ತು ಬಂದ ಮಗ ಆಸ್ತಿಯಲ್ಲಿ ಪಾಲು ಕೇಳಿದಾಗ ದಾಯಾದಿಗಳು ನೋಡುತ್ತಾರಲ್ಲ, ಥೇಟ್ ಹಾಗೇ. 'ಫೋರ್ ಸ್ಟ್ರೋಕ್ ಅಂತೆ, ಎಂಜಿನ್ ತಣ್ಣಗಾಗೋಕೆ ನೀರು ಬೇಕಂತೆ' ಅಂತ ಮೂಗು ಮುರಿಯುತ್ತಾರೆ.

ಯಮಹಾ ಆರ್‌ಎಕ್ಸ್ 100 ಭಕ್ತರ ಬಗ್ಗೆ ಜಾಸ್ತಿ ಹೇಳಲ್ಲ, ಅವರು ಬೇಗ ಬಂದು ಹಿಡಿದುಬಿಡುತ್ತಾರೆ, ಪಿಕಪ್ ಹಾಗಿದೆ. ಆದರೆ ನನ್ನ ಹೊಟ್ಟೆಕಿಚ್ಚು ಒಂದಿದೆ. ಅದು 98 ಸೀಸಿ, ನನ್ನದು 97. ಆ ಒಂದೇ ಒಂದು ಸೀಸಿ ವ್ಯತ್ಯಾಸಕ್ಕೆ ಅದನ್ನು ದೇವರ ಕೋಣೆಯಲ್ಲಿಟ್ಟ ಹಾಗೆ ಇಡುತ್ತಾರೆ, 1996ಕ್ಕೇ ನಿಂತುಹೋದ ಗಾಡಿಗೆ ಲಕ್ಷ ದಾಟಿ ಬೆಲೆ ಹೇಳುತ್ತಾರೆ. ನನ್ನದನ್ನು ಗುಜರಿಯವನು ತೂಕಕ್ಕೆ ಕೇಳುತ್ತಾನೆ. 'ಒಳಗೆ ಜಪಾನ್ ಪಾರ್ಟ್ಸ್ ಇದೆ ಗುರು' ಅಂತ ಪಿಸುಗುಡುವ ಆ ಧ್ವನಿ, ಪಕ್ಕದ ಮನೆಯವರು 'ನಮ್ಮ ಹುಡುಗ ಅಮೆರಿಕಾದಲ್ಲಿದಾನೆ' ಅನ್ನುವಾಗ ಬರುವ ಧ್ವನಿಯೇ.

ಇನ್ನು ಫಾರಿನ್ ಹೆಸರಿನ ಗಾಡಿಗಳು. ಇಲ್ಲಿಗೆ ಬಂದರೆ ನನಗೆ ನಿಜವಾಗಿಯೂ ಹೊಟ್ಟೆ ತುಂಬುತ್ತೆ. ಬಿಎಂಡಬ್ಲ್ಯು ಜಿ 310 ಆರ್ ಅಂತ ಒಂದು ಬಂತು 2018ರಲ್ಲಿ. ಅದನ್ನು ತಗೊಂಡವನು ಅಪಾಚೆಯವನ ಪಕ್ಕ ಸಿಗ್ನಲ್‌ನಲ್ಲಿ ನಿಂತರೆ ತಿರುಗಿ ಕೂಡ ನೋಡುವುದಿಲ್ಲ, ಕತ್ತಿನಲ್ಲೇ ಜರ್ಮನಿ ಕೂತಿರುತ್ತೆ. ಆದರೆ ಅವನ ಕಾಲ ಕೆಳಗಿರುವ ಎಂಜಿನ್ನೂ ಪಕ್ಕದ ಅಪಾಚೆ ಆರ್‌ಆರ್ 310ರ ಎಂಜಿನ್ನೂ ಅಣ್ಣತಮ್ಮಂದಿರು. ಎರಡೂ ಗಾಡಿ ಹುಟ್ಟಿದ್ದು ಅತ್ತಿಬೆಲೆ ಗಡಿ ದಾಟಿದರೆ ಸಿಗುವ ಹೊಸೂರಿನ ಟಿವಿಎಸ್ ಫ್ಯಾಕ್ಟರಿಯಲ್ಲಿ. ಒಂದೇ ತಾಯಿ ಮಕ್ಕಳು, ಒಬ್ಬ ಕಾನ್ವೆಂಟಿಗೆ ಹೋದ, ಇನ್ನೊಬ್ಬ ಸರ್ಕಾರಿ ಶಾಲೆಗೆ. ಬಂದ ಹೊಸತರಲ್ಲಿ ಷೋರೂಂ ಬೆಲೆಯಲ್ಲಿ ಮಾತ್ರ ಲಕ್ಷದ ಹತ್ತಿರ ವ್ಯತ್ಯಾಸ ಇತ್ತು. ಆ ಲಕ್ಷಕ್ಕೆ ಟ್ಯಾಂಕಿನ ಮೇಲೆ ಒಂದು ನೀಲಿ ಬಿಳಿ ಬಿಲ್ಲೆ ಸಿಗುತ್ತಿತ್ತು. ಬೆಳ್ಳಿಯದ್ದೂ ಅಲ್ಲ, ವಿಚಾರಿಸಿದ್ದೇನೆ.

ಇಂಗ್ಲೆಂಡಿನ ಟ್ರಯಂಫ್ ಸ್ಪೀಡ್ 400 ತಗೊಂಡವನಿಗೂ ಆಸ್ಟ್ರಿಯಾದ ಕೆಟಿಎಂ ಡ್ಯೂಕ್‌ನವನಿಗೂ ಆಗಿಬರುವುದಿಲ್ಲ. ಡ್ಯೂಕ್‌ನವನು ಟ್ರಯಂಫ್‌ನವನಿಗೆ ಮುದುಕ ಅನ್ನುತ್ತಾನೆ, ಅವನು ಇವನ ಗಾಡಿಯ ಬಣ್ಣ ನೋಡಿ ಕಿತ್ತಳೆ ಕೋತಿ ಅನ್ನುತ್ತಾನೆ. ಎರಡನ್ನೂ ಮಾಡುವವರು ಪುಣೆ ಹತ್ತಿರದ ಚಾಕಣ್‌ನಲ್ಲಿ ಬಜಾಜ್‌ನವರು. ಆಫೀಸಿನಲ್ಲಿ ಇಬ್ಬರೂ ಸೇರಿ ಪಲ್ಸರ್ ಹುಡುಗನನ್ನು ಗೇಲಿ ಮಾಡುತ್ತಾರೆ. ಅವನದೂ ಅದೇ ಬಜಾಜ್! ಹಾರ್ಲೆ ಡೇವಿಡ್‌ಸನ್ ಎಕ್ಸ್ 440 ಅಂತೂ ರಾಜಸ್ಥಾನದ ನೀಮ್ರಾನಾದಲ್ಲಿ ಹೀರೋ ಕಂಪನಿಯವರು ಮಾಡಿಕೊಡುವುದು. ಅಂದರೆ ನನ್ನ ಸ್ಪ್ಲೆಂಡರ್ ಮಾಡುವವರೇ. ಈ ಸಂಬಂಧ ಗೊತ್ತಾದ ದಿನ ನಾನು ಗಾಡಿಗೆ ಒಂದು ಸಲ ನೀರು ಹಾಕಿ ತೊಳೆದೆ. ಹಾರ್ಲೆಯವರ ಬಳಗ, ಸ್ವಲ್ಪ ನೀಟಾಗಿರಬೇಕಲ್ವಾ.

ನಾನೇನು ಸಾಚಾ ಅಂತ ಹೇಳಿಕೊಳ್ಳುತ್ತಿಲ್ಲ. ಗೇರ್ ಇಲ್ಲದ ಸ್ಕೂಟರ್ ಓಡಿಸುವ ಗಂಡಸರನ್ನು ಕಂಡರೆ ನನಗೂ ಬಾಯಿ ತುದಿಗೆ 'ಓ...' ಬರುತ್ತೆ. ಒಮ್ಮೆ ಹೆಂಡತಿ ಎದುರು ಹಾಗೆ ಅಂದುಬಿಟ್ಟೆ. 'ನೀವು ಗೇರ್ ಹಾಕಿಕೊಂಡು ಎಲ್ಲಿಗೆ ಹೋಗಿದೀರ, ಸಿಲ್ಕ್ ಬೋರ್ಡ್‌ಗೆ ತಾನೇ?' ಅಂದಳು. ಆಮೇಲೆ ಆ ವಿಷಯ ಮನೆಯಲ್ಲಿ ಎತ್ತಿಲ್ಲ.

ಹೋದ ಭಾನುವಾರ ಮದ್ದೂರಿಗೆ ನೆಂಟರ ಮನೆಗೆ ಹೋಗಬೇಕಿತ್ತು. ಬೆಳಿಗ್ಗೆ ಏಳಕ್ಕೆ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಂತೆ. ಹೋಟೆಲ್ ಮುಂದೆ ಪರೇಡ್ ಇದ್ದ ಹಾಗೆ ಗಾಡಿಗಳು. ಬುಲೆಟ್‌ಗಳು ಒಂದು ಸಾಲು, ಡ್ಯೂಕ್‌ಗಳು ಇನ್ನೊಂದು ಸಾಲು, ಮಧ್ಯೆ ನಾಲ್ಕಡಿ ಜಾಗ ಬಿಟ್ಟಿದ್ದರು, ಗಡಿರೇಖೆ ಅದು. ಮೊಣಕೈಗೆ ಮೊಣಕಾಲಿಗೆ ಕವಚ ಕಟ್ಟಿಕೊಂಡ ಯೋಧರು ಚಟ್ನಿ ಬಟ್ಟಲು ಹಿಡಿದು ನಿಂತಿದ್ದರು. ಒಬ್ಬನ ಹೆಲ್ಮೆಟ್ ಮೇಲೆ ಕ್ಯಾಮೆರಾ, ಅದು ಇಡ್ಲಿಯನ್ನೂ ಚಿತ್ರೀಕರಿಸುತ್ತಿತ್ತು. ಎರಡೂ ಸಾಲಿನವರು ಎದುರು ಸಾಲಿನ ಕಡೆ ನೋಡುತ್ತಲೇ ಇರಲಿಲ್ಲ, ಅಷ್ಟು ಗಮನ ಕೊಟ್ಟು ನೋಡದೇ ಇದ್ದರು.

ಆಗ ಬಂತು ಒಂದು ಟಿವಿಎಸ್ ಎಕ್ಸೆಲ್. ಓಡಿಸುತ್ತಿದ್ದ ಯಜಮಾನರು ಕಾಣುತ್ತಲೇ ಇರಲಿಲ್ಲ. ಮುಂದೆ ಕಾಲಿಡುವ ಜಾಗದಲ್ಲಿ ಒಂದು ಈರುಳ್ಳಿ ಮೂಟೆ, ಹಿಂದೆ ಎರಡು, ಹ್ಯಾಂಡಲ್‌ನ ಎರಡೂ ಕಡೆ ಬಾಳೆ ಎಲೆ ಕಟ್ಟು, ಬೆನ್ನಿಗೆ ಆನಿಸಿಕೊಂಡು ಒಂದು ಪುಟ್ಟ ಮೊಮ್ಮಗಳು. ಸೀದಾ ಆ ನಾಲ್ಕಡಿ ಗಡಿರೇಖೆಯೊಳಗೆ ನುಗ್ಗಿಸಿ, ಸ್ಟ್ಯಾಂಡ್ ಹಾಕಿ, 'ಸ್ವಲ್ಪ ಜರುಗಿಸ್ಕಳಪ್ಪ ನಿನ್ನ ಸೈಕಲ್ಲು' ಅಂತ ಡ್ಯೂಕಿನವನಿಗೆ ಹೇಳಿದರು. ಅವನು ಜರುಗಿಸಿಕೊಂಡ. ಬುಲೆಟ್ ಸಾಲಿನಲ್ಲಿ ಎಲ್ಲರೂ ನಕ್ಕರು. 'ನಗಾಡ್ತೀಯಲ್ಲ, ಒಂದು ಮೂಟೆ ಹಿಡ್ಕೊ ಬಾ' ಅಂದರು ಅವರಿಗೂ. ಎರಡು ನಿಮಿಷದಲ್ಲಿ ಎರಡೂ ಪಂಗಡದ ಇಬ್ಬಿಬ್ಬರು ಕವಚಧಾರಿಗಳು ಈರುಳ್ಳಿ ಹೊತ್ತು ಅಡುಗೆಮನೆ ಕಡೆ ನಡೆದರು. ಕ್ಯಾಮೆರಾದವನು ಅದನ್ನು ಮಾತ್ರ ಹಾಕಿರಲಿಕ್ಕಿಲ್ಲ.

ಸಂಜೆ ವಾಪಸ್ ಬರುವಾಗ ಕೆಂಗೇರಿಗೆ ಸ್ವಲ್ಪ ಮೊದಲು ರಸ್ತೆ ಪಕ್ಕದಲ್ಲಿ ಒಂದು ದೊಡ್ಡ ಗಾಡಿ ನಿಂತಿತ್ತು. ಯಾವ ಕಂಪನಿ ಅಂತ ಹೇಳಲ್ಲ, ಹೇಳಿದರೆ ಅವರ ಕ್ಲಬ್ಬಿನವರು ಇಪ್ಪತ್ತು ಜನ ಮನೆ ಮುಂದೆ ಬಂದು ಹಾರ್ನ್ ಹೊಡೆಯುತ್ತಾರೆ. ಹುಡುಗ ಜಾಕೆಟ್ ಒಳಗೆ ಬೇಯುತ್ತಿದ್ದ. ನಾನು ನಿಧಾನ ಮಾಡಿದ ತಕ್ಷಣ ಮೊಬೈಲ್ ತೆಗೆದು ಗಾಡಿಯ ಫೋಟೊ ಹೊಡೆಯತೊಡಗಿದ. ಹಿಂದೆ ಬೆಟ್ಟ ಇಲ್ಲ, ಸೂರ್ಯಾಸ್ತ ಇಲ್ಲ, ಪಂಚರ್ ಅಂಗಡಿಯ ಟೈರ್ ರಾಶಿ ಇತ್ತು.

'ಏನಾಯ್ತಪ್ಪ?'

'ಏನಿಲ್ಲ ಅಂಕಲ್, ಎಂಜಿನ್ ಸ್ವಲ್ಪ ಕೂಲ್ ಆಗ್ಲಿ ಅಂತ.'

ನಾನು ಹೋಗಲಿಲ್ಲ, ಅಲ್ಲೇ ನಿಂತೆ. ಎರಡು ನಿಮಿಷ ಆದ ಮೇಲೆ ಬಾಯಿ ಬಿಟ್ಟ. ಪೆಟ್ರೋಲ್ ಖಾಲಿ.

ಬಂಕ್ ಅಲ್ಲಿಂದ ಎರಡು ಕಿಲೋಮೀಟರ್. ಅವನು ತನ್ನ ಗಾಡಿ ಮೇಲೆ ಕೂತ, ನಾನು ಪಕ್ಕಕ್ಕೆ ಬಂದು ಅವನ ಹಿಂದಿನ ಫುಟ್‌ರೆಸ್ಟಿಗೆ ಎಡಗಾಲು ಕೊಟ್ಟೆ, ಎರಡನೇ ಗೇರಿನಲ್ಲಿ ಮೆಲ್ಲಗೆ ಎಕ್ಸಲರೇಟರ್ ತಿರುಗಿಸಿದೆ. ನನ್ನ 97 ಸೀಸಿ ಒಂದು ಸಲ ಕೆಮ್ಮಿತು, ಆಮೇಲೆ ಎಳೆಯಿತು. ದಾರಿಯಲ್ಲಿ ಅವನದೇ ಕ್ಲಬ್ಬಿನ ಜಾಕೆಟ್ ಹಾಕಿದ ಇಬ್ಬರು ಪಕ್ಕದಲ್ಲೇ ಹಾದು ಹೋದರು. ಹುಡುಗ ಹೆಲ್ಮೆಟ್ ಗಾಜು ಕೆಳಗೆ ಇಳಿಸಿಕೊಂಡ.

ಬಂಕಿನಲ್ಲಿ ಪೆಟ್ರೋಲ್ ಹಾಕುವ ಹುಡುಗ ಆ ಗಾಡಿಯನ್ನು ಬಾಯಿಬಿಟ್ಟು ನೋಡಿದ. ಟ್ಯಾಂಕು ಮುಟ್ಟಿದ, ಮೀಟರಿನೊಳಗೆ ಬಗ್ಗಿ ನೋಡಿದ, ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಪೈಪು ಕೈಗೆ ತಗೊಂಡು ಕೇಳಿಯೇಬಿಟ್ಟ.

'ಸಾರ್, ಎಷ್ಟು ಕೊಡುತ್ತೆ?'

ಹುಡುಗ ನನ್ನ ಕಡೆ ನೋಡಿದ. ನಾನು ಗಾಳಿ ಹಿಡಿಯುವ ಮಿಷನ್ ಕಡೆ ನೋಡಿದೆ.

'ಇಪ್ಪತ್ತೆರಡು' ಅಂದ ಮೆಲ್ಲಗೆ.

'ಓ...' ಅಂದ ಬಂಕಿನವನು. ಪೆಟ್ರೋಲ್ ಹಾಕಿ ಮುಚ್ಚಳ ಅವನ ಕೈಗೇ ಕೊಟ್ಟು, ನನ್ನ ಕಡೆ ತಿರುಗಿ, 'ಅಣ್ಣಾ, ಇದು ಯಾವ ಮಾಡೆಲ್ಲು, ಕೊಡ್ತೀರಾ?' ಅಂದ.