ಬಣ್ಣಕ್ಕೂ ಪ್ರೋಟೀನಿನ ಕಾಟ ತಪ್ಪಿದ್ದಲ್ಲ
ಡಿಎನ್‌ಎ ಅಳೆಯುವ ಕುರಿತ ಲೇಖನವೊಂದರಲ್ಲಿ, ಬೆಳಕು ಬಿದ್ದಾಗ ಹೊಳೆಯುವ ಪ್ರತಿದೀಪ್ತ ಬಣ್ಣದಿಂದ ಡಿಎನ್‌ಎ ಅಳೆದರೆ ಪ್ರೋಟೀನಿನ ಕಾಟವೇ ಇಲ್ಲವೆಂದು ಲೇಖಕರು ಬರೆದಿದ್ದಾರೆ. ಅರ್ಧ ಸತ್ಯ. 260 ನ್ಯಾನೋಮೀಟರ್‌ ಅತಿನೇರಳೆ ಬೆಳಕನ್ನು ಮಾದರಿ ಎಷ್ಟು ಹೀರುತ್ತದೆಂದು ಅಳೆಯುವಾಗ ಪ್ರೋಟೀನೂ ಲೆಕ್ಕದೊಳಗೆ ನುಸುಳುತ್ತದೆ. ಪಿಕೋಗ್ರೀನ್‌ನಂಥ ಬಣ್ಣ ಎರಡೆಳೆಯ ಡಿಎನ್‌ಎಗೆ ಅಂಟಿದಾಗಲೇ ಚೆನ್ನಾಗಿ ಹೊಳೆಯುವುದರಿಂದ ಆ ತೊಂದರೆ ಕಡಿಮೆ, ಒಪ್ಪೋಣ. ಆದರೆ ಹಿಸ್ಟೋನಿನಂಥ ಪ್ರೋಟೀನು ಡಿಎನ್‌ಎಯನ್ನೇ ಅಪ್ಪಿ ಕುಳಿತಿದ್ದರೆ ಬಣ್ಣಕ್ಕೆ ಜಾಗವೆಲ್ಲಿ? ಅಳತೆ ಕಡಿಮೆಯೇ ಬರುತ್ತದೆ.

ಶಿವಮೊಗ್ಗದಲ್ಲಿ ನಾವು ಎಲೆಚುಕ್ಕಿ ರೋಗ ತಗುಲಿದ ಅಡಿಕೆ ಸೋಗೆಯಿಂದ ಡಿಎನ್‌ಎ ತೆಗೆಯುವವರು. ಕಂದುಗಟ್ಟುವ ಪಾಲಿಫಿನಾಲ್ ಎಂಬ ಸಸ್ಯ ರಾಸಾಯನಿಕ ಬೇರೆ ಜೊತೆಗಿರುತ್ತದೆ. ಪ್ರೋಟೀನನ್ನು ಕತ್ತರಿಸುವ ಕಿಣ್ವ ಪ್ರೋಟೀನೇಸ್‌-ಕೆ ಹಾಕಿ, ಕ್ಲೋರೋಫಾರ್ಮ್‌ನಿಂದ ಶುದ್ಧಗೊಳಿಸಿದ ಮೇಲೂ ಮಾದರಿಯ ಒಂದು ಪಾಲಿಗೆ ಪ್ರಮಾಣ ಗೊತ್ತಿರುವ ಲ್ಯಾಂಬ್ಡಾ ಡಿಎನ್‌ಎ (ಲ್ಯಾಂಬ್ಡಾ ಎಂಬ ವೈರಸ್ಸಿನದು) ಬೆರೆಸಿ ನೋಡುತ್ತೇವೆ. ಬೆರೆಸಿದಷ್ಟು ಏರಿಕೆ ಕಾಣದಿದ್ದರೆ ಏನೋ ಅಡ್ಡಿಯಿದೆ ಎಂದೇ ಅರ್ಥ; ತೆಳುಗೊಳಿಸಿ ಮತ್ತೆ ಅಳೆಯಬೇಕು. ಇಷ್ಟು ಸುಲಭದ ಪರೀಕ್ಷೆಯನ್ನು ಲೇಖನ ಬಿಟ್ಟಿದ್ದೇಕೋ!