ಕಾರು ಕೊಳ್ಳುವಾಗ ಕ್ರ್ಯಾಶ್ ಟೆಸ್ಟ್ ಸ್ಟಾರ್ ನೋಡಲೇಬೇಕಾ?

ಪರ: ಮೊದಲು ಸ್ಟಾರ್, ಆಮೇಲೆ ಸನ್‌ರೂಫ್
(ವಾಹನ ವಿಮೆಯ ಸರ್ವೇಯರ್, ಸುರತ್ಕಲ್)

ನನ್ನ ಕೆಲಸ ಗುದ್ದಿದ ಕಾರು ನೋಡುವುದು. ಮುಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಹೆದ್ದಾರಿ 66ರಲ್ಲಿ ಎಲ್ಲಿ ಅಪಘಾತವಾದರೂ ಕಾರು ಯಾವುದಾದರೊಂದು ಗ್ಯಾರೇಜಿನ ಅಂಗಳಕ್ಕೆ ಬರುತ್ತದೆ. ಅದರ ಹಿಂದೆಯೇ ಫೈಲ್ ಹಿಡಿದು ನಾನು ಬರುತ್ತೇನೆ. ಹಾಗಾಗಿ ಈ ಪ್ರಶ್ನೆಗೆ ನನ್ನಲ್ಲಿ ಎರಡು ಉತ್ತರ ಇಲ್ಲ. ನೋಡಲೇಬೇಕು. ಬಣ್ಣಕ್ಕಿಂತ ಮೊದಲು, ಮೈಲೇಜಿಗಿಂತ ಮೊದಲು, ಸನ್‌ರೂಫಿಗಿಂತ ಅಂತೂ ಖಂಡಿತ ಮೊದಲು. ನಮ್ಮೂರಿನ ಮಳೆಗೂ ಬಿಸಿಲಿಗೂ ಸನ್‌ರೂಫ್ ಎಂತಕ್ಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಅದು ಬೇರೆ ವಿಷಯ.

ಗ್ಯಾರೇಜಿನಲ್ಲಿ ನಾನು ಪದೇ ಪದೇ ಕೇಳುವ ದೂರು ಒಂದೇ. "ನೋಡಿ ಸಾರ್, ಬಾನೆಟ್ ಪೂರ್ತಿ ಅಪ್ಪಚ್ಚಿ. ಬರೀ ತಗಡು. ಹಿಂದಿನ ಅಂಬಾಸಿಡರ್ ಆಗಿದ್ದರೆ ಒಂದು ಗೀರು ಬೀಳ್ತಿರಲಿಲ್ಲ." ಇದನ್ನು ಹೇಳುವವರು ಎರಡೂ ಕಾಲಿನ ಮೇಲೆ ಸರಿಯಾಗಿ ನಿಂತು ಹೇಳುತ್ತಿರುತ್ತಾರೆ. ಬಾನೆಟ್ ಅಪ್ಪಚ್ಚಿಯಾದ್ದಕ್ಕೇ ನೀವು ನಿಂತಿದ್ದೀರಿ ಮಾರಾಯ್ರೆ! ಗುದ್ದಿದ ರಭಸ ಎಲ್ಲಾದರೂ ಹೋಗಲೇಬೇಕಲ್ವಾ? ಕಾರಿನ ಮುಂಭಾಗ ಮಡಚಿಕೊಂಡು ಅದನ್ನು ನುಂಗಬೇಕು. ಜನ ಕೂರುವ ಗೂಡು ಮಾತ್ರ ಅಲ್ಲಾಡಬಾರದು. ನಾನು ಮೊದಲು ಬಾನೆಟ್ ನೋಡುವುದೇ ಇಲ್ಲ. ಎದುರಿನ ಗಾಜಿನ ಪಕ್ಕದ ಕಂಬ ಬಾಗಿದೆಯಾ, ಡ್ರೈವರ್ ಬಾಗಿಲು ಕೈಯಲ್ಲಿ ತೆರೆಯುತ್ತದಾ, ಸ್ಟೇರಿಂಗ್ ಎಷ್ಟು ಹಿಂದೆ ಸರಿದಿದೆ, ಕಾಲಿಡುವ ಜಾಗದ ತಗಡು ಹರಿದಿದೆಯಾ ಎಂದು ನೋಡುತ್ತೇನೆ.

ಹಳೆಯ ಕಾರೇ ಗಟ್ಟಿ ಎನ್ನುವವರಿಗೆ ಅಮೆರಿಕದ ಒಂದು ಪ್ರಯೋಗ ಹೇಳುತ್ತೇನೆ. 2009ರಲ್ಲಿ ಅಲ್ಲಿನ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ತನ್ನ 50ನೇ ವರ್ಷದ ನೆಪದಲ್ಲಿ 1959ರ ಶೆವರ್ಲೆ ಬೆಲ್ ಏರ್ ಮತ್ತು 2009ರ ಶೆವರ್ಲೆ ಮಾಲಿಬು ಕಾರುಗಳನ್ನು ಎದುರುಬದುರಾಗಿ ಗುದ್ದಿಸಿತು. ಬೆಲ್ ಏರ್ ನೋಡಲು ಭೀಮ. ಒಳಗೆ ಡ್ರೈವರ್ ಜಾಗವೇ ಕುಸಿದುಹೋಯಿತು. ಅದರಲ್ಲಿ ಪೆಟ್ಟು ಅಳೆಯಲು ಕೂರಿಸಿದ್ದ ಗೊಂಬೆಯ ಬದಲು ಮನುಷ್ಯ ಇದ್ದಿದ್ದರೆ ಉಳಿಯುತ್ತಿರಲಿಲ್ಲ. ಮಾಲಿಬುವಿನ ಡ್ರೈವರಿಗೆ ಕಾಲಿಗೊಂದು ಪೆಟ್ಟು, ಅಷ್ಟೇ.

ಈಗ ಟೆಸ್ಟ್ ಹೇಗೆ ಎಂದು ನೋಡಿ. ಕಾರುಗಳನ್ನು ಗುದ್ದಿಸಿ ನೋಡಿ ಐದರವರೆಗೆ ಸ್ಟಾರ್ ಕೊಡುವ ನಮ್ಮ ದೇಶದ ವ್ಯವಸ್ಥೆ ಭಾರತ್ ಎನ್‌ಕ್ಯಾಪ್. ಅದು ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಒಂದು ತಡೆಗೆ ಗುದ್ದಿಸುತ್ತದೆ. ಇಡೀ ಮುಂಭಾಗ ಅಲ್ಲ, ಡ್ರೈವರ್ ಬದಿಯ ಶೇ. 40 ಮಾತ್ರ. ಯಾಕೆಂದರೆ ನಿಜವಾದ ರಸ್ತೆಯಲ್ಲಿ ಎದುರಿನಿಂದ ರಾಂಗ್ ಸೈಡಲ್ಲಿ ಒಬ್ಬ ಬಂದಾಗ ನಾವು ಕೊನೇ ಗಳಿಗೆಯಲ್ಲಿ ಸ್ಟೇರಿಂಗ್ ತಿರುಗಿಸುತ್ತೇವೆ. ಆಗ ಅರ್ಧ ಮುಂಭಾಗವೇ ಇಡೀ ಪೆಟ್ಟು ತಿನ್ನಬೇಕು. ತಡೆ ಸಿಮೆಂಟಿನ ಗೋಡೆಯಲ್ಲ. ಅದರ ಮುಖಕ್ಕೆ ಜೇನುಗೂಡಿನಂಥ ಅಲ್ಯುಮಿನಿಯಂ ಪದರ ಇರುತ್ತದೆ. ಎದುರಿನ ಕಾರಿನ ಹಾಗೆ ಅದೂ ಸ್ವಲ್ಪ ಕುಗ್ಗುತ್ತದೆ.

ಡ್ರೈವರ್ ಸೀಟಿನಲ್ಲಿ ಕೂರುವ ಗೊಂಬೆಯ ಹೆಸರು ಹೈಬ್ರಿಡ್ 3. 1976ರಲ್ಲಿ ಜನರಲ್ ಮೋಟರ್ಸ್ ಮಾಡಿದ್ದು. ಎತ್ತರ ಸುಮಾರು 175 ಸೆಂ.ಮೀ., ತೂಕ 78 ಕಿಲೋ. ತಲೆ, ಕುತ್ತಿಗೆ, ಎದೆ, ತೊಡೆ, ಕಾಲು, ಎಲ್ಲ ಕಡೆ ಸೆನ್ಸರ್. ಮುಖಕ್ಕೂ ಮಂಡಿಗೂ ಬಣ್ಣ ಬಳಿದಿರುತ್ತಾರೆ, ಯಾವ ಭಾಗ ಎಲ್ಲಿಗೆ ತಾಗಿತು ಎಂದು ಆಮೇಲೆ ಆ ಕಲೆಯೇ ಹೇಳುತ್ತದೆ. ತಲೆಗಾದ ಆಘಾತಕ್ಕೆ ಎಚ್‌ಐಸಿ ಎಂಬ ಲೆಕ್ಕ ಉಂಟು. ತಲೆ ಎಷ್ಟು ಜೋರಾಗಿ ನಿಂತಿತು, ಎಷ್ಟು ಹೊತ್ತು ಆ ಒತ್ತಡ ತಡೆಯಿತು, ಎರಡೂ ಸೇರಿದ ಸಂಖ್ಯೆ ಅದು. ಎದೆ ಎಷ್ಟು ಮಿ.ಮೀ. ಒಳಹೋಯಿತು ಎಂದು ಅಳೆಯುತ್ತಾರೆ. ಇಂಥ ಟೆಸ್ಟ್‌ಗಳಲ್ಲಿ 22 ಮಿ.ಮೀ. ಒಳಗಿದ್ದರೆ ಪೂರ್ತಿ ಅಂಕ, ಅದು ದಾಟಿದಂತೆ ಅಂಕ ಇಳಿಯುತ್ತದೆ. ತಲೆ-ಕುತ್ತಿಗೆ, ಎದೆ, ತೊಡೆ-ಮಂಡಿ, ಮೊಣಕಾಲ ಕೆಳಗೆ, ಒಂದೊಂದಕ್ಕೆ 4ರಂತೆ ಒಟ್ಟು 16.

ಇಷ್ಟಕ್ಕೇ ಮುಗಿಯುವುದಿಲ್ಲ. ಸ್ಟೇರಿಂಗ್ ಡ್ರೈವರ್ ಕಡೆ ನುಗ್ಗಿತಾ, ಅಂಕ ಕಟ್. ಪೆಡಲ್ ಒಳಬಂತಾ, ಕಟ್. ಗೂಡು ಇನ್ನು ಸ್ವಲ್ಪ ಜಾಸ್ತಿ ಪೆಟ್ಟಾದರೆ ಕುಸಿಯುವ ಹಾಗೆ ಕಂಡಿತಾ, ಅದಕ್ಕೂ ಕಟ್. ನನ್ನನ್ನು ಕೇಳಿದರೆ ಸ್ಟಾರಿಗಿಂತ ಮೊದಲು ವರದಿಯಲ್ಲಿ ಓದಬೇಕಾದದ್ದು ಈ ಗೂಡಿನ ಮಾತನ್ನು. ಪಕ್ಕದಿಂದ 50 ಕಿ.ಮೀ. ವೇಗದಲ್ಲಿ ಗುದ್ದಿಸುವುದಕ್ಕೆ ಇನ್ನೂ 16 ಅಂಕ. ಮೂರು ಅಥವಾ ಅದಕ್ಕಿಂತ ಹೆಚ್ಚು ಸ್ಟಾರ್ ಬೇಕಾದರೆ 29 ಕಿ.ಮೀ. ವೇಗದಲ್ಲಿ ಕಾರಿನ ಪಕ್ಕವನ್ನು ಕಂಬಕ್ಕೆ ಬಡಿಸುವ ಟೆಸ್ಟ್‌ನಲ್ಲೂ ಪಾಸಾಗಬೇಕು, ಜಾರಿದಾಗ ಹಿಡಿದು ನಿಲ್ಲಿಸುವ ಇಎಸ್‌ಸಿ ಇರಬೇಕು. ಮಳೆಗಾಲದಲ್ಲಿ ಕಿನ್ನಿಗೋಳಿ ಕಡೆಯ ತಿರುವುಗಳಲ್ಲಿ ಕಾರು ಅಡ್ಡ ಜಾರುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. 32ರಲ್ಲಿ 27 ಬಂದರೆ, ಮಕ್ಕಳ ರಕ್ಷಣೆಯಲ್ಲಿ 49ಕ್ಕೆ 41 ಬಂದರೆ ಐದು ಸ್ಟಾರ್.

2014ರಲ್ಲಿ ಇಂಥದೇ ಟೆಸ್ಟ್ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಐದು ಸಣ್ಣ ಕಾರುಗಳನ್ನು ಗುದ್ದಿಸಿದಾಗ, ಏರ್‌ಬ್ಯಾಗ್ ಇಲ್ಲದ ಆ ಮಾದರಿಗಳಿಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ. ಐದಕ್ಕೂ ಸೊನ್ನೆ! ನಾಲ್ಕೇ ವರ್ಷದಲ್ಲಿ, 2018ರಲ್ಲಿ, ಟಾಟಾ ನೆಕ್ಸಾನ್ ಐದು ಸ್ಟಾರ್ ತಂದಿತು. 2023ರ ಆಗಸ್ಟ್ 22ರಂದು ಭಾರತ್ ಎನ್‌ಕ್ಯಾಪ್ ಘೋಷಣೆಯಾಯಿತು, ಅಕ್ಟೋಬರ್ 1ರಿಂದ ಜಾರಿಗೆ ಬಂತು. ಜನ ಸ್ಟಾರ್ ಕೇಳಲು ಶುರು ಮಾಡಿದ್ದರಿಂದಲೇ ಇದೆಲ್ಲ ಆದದ್ದು. ಕೇಳದಿದ್ದರೆ ನಮಗೆ ಇವತ್ತಿಗೂ ಸೊನ್ನೆಯೇ ಗತಿ.

ನನ್ನ ಭಾವನ ಕತೆ ಹೇಳದಿದ್ದರೆ ಈ ಲೇಖನ ಪೂರ್ತಿಯಾಗುವುದಿಲ್ಲ. ಭಾವ ದುಬೈಯಿಂದ ಊರಿಗೆ ಬಂದವರು. ಕಾರು ಅಂದರೆ ಅವರಿಗೆ ದೊಡ್ಡ ಸ್ಕ್ರೀನ್, ಕೂತರೆ ಬೆನ್ನು ತಣ್ಣಗಾಗುವ ಸೀಟು. ಶೋರೂಮಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿದ್ದ ಹುಡುಗ ಅರ್ಧ ಗಂಟೆ ಸ್ಕ್ರೀನ್ ತೋರಿಸಿದ. ಸ್ಟಾರ್ ಎಷ್ಟು ಎಂದು ನಾನು ಕೇಳಿದೆ. "ಇದನ್ನು ಟೆಸ್ಟಿಗೆ ಕಳಿಸಿಲ್ಲ ಸಾರ್. ಕಳಿಸಿದ್ರೆ ಐದು ಗ್ಯಾರಂಟಿ" ಎಂದ. ಪರೀಕ್ಷೆಗೇ ಕೂರದವನು ರ್‍ಯಾಂಕ್ ಬರುತ್ತಿದ್ದೆ ಎಂದ ಹಾಗೆ! ಟೆಸ್ಟಿಗೆ ಕಳಿಸುವುದು ಕಂಪನಿಯ ಇಷ್ಟ, ಕಡ್ಡಾಯವಲ್ಲ. ಅದಕ್ಕೇ ಸ್ಟಾರ್ ಇಲ್ಲದ ಕಾರು ಕಂಡರೆ ನನಗೆ ಅನುಮಾನ.

ಭಾವ ಜಗ್ಗಲಿಲ್ಲ. ಅವರ ಮನಸ್ಸಿನಲ್ಲಿದ್ದ ಇನ್ನೊಂದು ಕಾರಿನ ಟೆಸ್ಟ್ ವರದಿಯನ್ನು ಪ್ರಿಂಟ್ ತೆಗೆದು ರಾತ್ರಿ ಊಟದ ಹೊತ್ತಿಗೆ ಮೇಜಿನ ಮೇಲಿಟ್ಟೆ. ಅದರಲ್ಲಿ ಗೊಂಬೆಯ ಚಿತ್ರಕ್ಕೆ ಬಣ್ಣ ತುಂಬಿರುತ್ತಾರೆ. ಹಸಿರು ಚೆನ್ನಾಗಿದೆ, ಹಳದಿ ಪರವಾಗಿಲ್ಲ, ಕಿತ್ತಳೆ ಅಷ್ಟಕ್ಕಷ್ಟೆ, ಕಂದು ದುರ್ಬಲ, ಕೆಂಪು ಕೆಟ್ಟದ್ದು. ಅಕ್ಕ ಮೀನು ಬಡಿಸುತ್ತಾ ಬಗ್ಗಿ ನೋಡಿದಳು. "ಇದೆಂತ, ಇವನ ಎದೆ ಯಾಕೆ ಕಂದು?" ಎಂದಳು. "ಅದು ಭಾವ ಕೂರುವ ಸೀಟು" ಎಂದೆ. ಆಮೇಲೆ ನಾನು ಮಾತಾಡುವ ಅಗತ್ಯ ಬರಲಿಲ್ಲ. ಭಾವ ಐದು ಸ್ಟಾರಿನ ಕಾರನ್ನು ಕಡಿಮೆ ವೇರಿಯೆಂಟಿನಲ್ಲಿ ತೆಗೆದುಕೊಂಡರು. ಸ್ಕ್ರೀನ್ ಸಣ್ಣದು. ಈಗ ಯಾವ ಮದುವೆಗೆ ಹೋದರೂ ಊಟದ ಸಾಲಿನಲ್ಲಿ ಎಚ್‌ಐಸಿ ಬಗ್ಗೆ ಭಾಷಣ ಮಾಡುವವರು ಅವರೇ, ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಗಾಡಿ ಸ್ಟಾರ್ಟ್ ಮಾಡದವರೂ ಅವರೇ.

ವಿರೋಧ ಬರೆಯುವವರು ಲಾರಿ ವಿಷಯ ಎತ್ತುತ್ತಾರೆ ಎಂದು ಗೊತ್ತು. ಹಿಂದಿನ ಲೈಟ್ ಇಲ್ಲದೆ ನಿಂತ ಲಾರಿಯ ಅಡಿಗೆ ಕಾರು ನುಗ್ಗಿದರೆ ಸ್ಟಾರ್ ಎಂತ ಮಾಡುತ್ತದೆ ಎಂದು ಕೇಳುತ್ತಾರೆ. ಲಾರಿ ಅಡಿಗೆ ಹೋಗಬೇಡಿ, ಅಷ್ಟೇ. ಒಂದು ಔಷಧಿ ಎಲ್ಲ ಕಾಯಿಲೆಗೂ ಆಗುವುದಿಲ್ಲ ಎಂದು ಯಾರಾದರೂ ಔಷಧಿಯನ್ನೇ ಬಿಡುತ್ತಾರಾ?

ವಿರೋಧ: ಗೊಂಬೆ ಯಾವಾಗಲೂ ಬೆಲ್ಟ್ ಹಾಕಿರುತ್ತದೆ
(ಡ್ರೈವಿಂಗ್ ಸ್ಕೂಲ್ ನಡೆಸುವವರು, ಉಡುಪಿ)

ನನಗೆ ಸಿಕ್ಕಿದ್ದು ಈ ಬದಿ. ಸುರತ್ಕಲ್‌ನವರು ಮೊದಲೇ ಪರ ಹಿಡಿದುಕೊಂಡಿದ್ದರಂತೆ. ಸ್ಟಾರ್ ಬೇಡವೇ ಬೇಡ ಎಂದು ಬರೆಯಲು ನನ್ನಿಂದ ಆಗುವುದಿಲ್ಲ. ನನ್ನ ಮನೆಯ ಕಾರಿಗೇ ಐದು ಸ್ಟಾರ್ ಉಂಟು, ಮಗಳು ಹಠ ಹಿಡಿದು ಕೊಡಿಸಿದ್ದು. ಸ್ಟಾರ್ ಒಂದನ್ನೇ ನೋಡಿ ಕೊಳ್ಳಬೇಡಿ ಎಂದು ಬರೆಯಬಹುದು. ಅಷ್ಟು ಬರೆಯುತ್ತೇನೆ.

ಸ್ಟಾರ್ ಪಕ್ಷದವರ ಮಾತು ಕೇಳಿದರೆ ಮಲ್ಪೆಯಿಂದ ಮೀನು ತರಲು ಮಿಲಿಟರಿ ಟ್ಯಾಂಕಿನಲ್ಲಿ ಹೋಗಬೇಕು. ಎಲ್ಲರ ಹತ್ತಿರ ಅಷ್ಟು ದುಡ್ಡು ಇಲ್ಲ. ಸ್ಕೂಟರಿನಲ್ಲಿ ಹೆಂಡತಿ, ಎರಡು ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ಹೋಗುವವನು ಒಂದು ಹಳೆ ಸಣ್ಣ ಕಾರು ತೆಗೆದುಕೊಂಡರೆ, ಸ್ಟಾರ್ ಇಲ್ಲದಿದ್ದರೂ ಅವನು ಮುಂಚಿಗಿಂತ ಸುರಕ್ಷಿತ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು, 32,825 ಮಂದಿ ನಡೆದು ಹೋಗುತ್ತಿದ್ದವರು. ಸ್ಟಾರ್‌ನಲ್ಲಿ ಪಾದಚಾರಿಯ ಬಗ್ಗೆ ಒಂದು ಷರತ್ತು ಉಂಟು, ಅಂಕ ಇಲ್ಲ. ಅಂಕ ಎಲ್ಲ ಕಾರಿನ ಒಳಗೆ ಕೂತವರಿಗೆ.

64 ಕಿ.ಮೀ. ಎನ್ನುತ್ತಾರೆ. ಬೆಳಿಗ್ಗೆ ಸಂತೆಕಟ್ಟೆ ದಾಟಿ ಬ್ರಹ್ಮಾವರದ ಕಡೆ 64ರಲ್ಲಿ ಹೋಗುವವರನ್ನು ತೋರಿಸಿ. 90ಕ್ಕೆ ಹೋದರೆ ಗುದ್ದುವ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ಇನ್ನೊಂದು, ಆ ಟೆಸ್ಟ್ ನಿಮ್ಮಷ್ಟೇ ತೂಕದ ಕಾರು ಎದುರಿನಿಂದ ಬಂದ ಲೆಕ್ಕದ್ದು. ಎದುರಿನಿಂದ ಎಕ್ಸ್‌ಪ್ರೆಸ್ ಬಸ್ ಬಂದರೆ ಆ ಲೆಕ್ಕ ನಡೆಯುವುದಿಲ್ಲ. ಸಣ್ಣ ಕಾರಿನ ಐದು ಸ್ಟಾರನ್ನು ದೊಡ್ಡ ಕಾರಿನ ಐದು ಸ್ಟಾರಿನ ಪಕ್ಕದಲ್ಲಿಟ್ಟು ಹೋಲಿಸುವ ಹಾಗೂ ಇಲ್ಲ. ಲಾರಿಯ ವಿಷಯ ಎಲ್ಲರಿಗೂ ಗೊತ್ತು, ಬಾನೆಟ್ ಅಡಿಗೆ ಹೋಗುತ್ತದೆ, ಪೆಟ್ಟು ನೇರ ಗಾಜಿಗೆ. ಮಡಚಬೇಕಾದ ಭಾಗಕ್ಕೆ ಮಡಚಲು ಅವಕಾಶವೇ ಸಿಗುವುದಿಲ್ಲ.

ಆದರೆ ನನ್ನನ್ನು ನಿಜವಾಗಿ ಕಾಡುವುದು ಆ ಗೊಂಬೆ. 175 ಸೆಂ.ಮೀ. ಎತ್ತರದ ಗಂಡಸು. ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಹೆಂಗಸರೇ ಜಾಸ್ತಿ. ಮಣಿಪಾಲದಲ್ಲಿ ಕೆಲಸ ಮಾಡುವವರು, ಮಕ್ಕಳನ್ನು ಶಾಲೆಗೆ ಬಿಡಬೇಕಾದವರು. ಐದಡಿ ಇದ್ದರೆ ಹೆಚ್ಚು. ಕ್ಲಚ್ ತುಳಿಯಲು ಸೀಟನ್ನು ಮುಂದೆ ಎಳೆದು ಎಳೆದು ಎದೆ ಸ್ಟೇರಿಂಗಿಗೆ ತಾಗುವಷ್ಟು ಹತ್ತಿರ ಕೂರುತ್ತಾರೆ. ಬೆಲ್ಟ್ ಹೆಗಲ ಮೇಲೆ ಬರುವುದಿಲ್ಲ, ಕುತ್ತಿಗೆಯನ್ನು ಕೊರೆಯುತ್ತದೆ. ಒಬ್ಬ ಟೀಚರ್ ಅದಕ್ಕೆ ಬೆಲ್ಟನ್ನು ಕಂಕುಳ ಕೆಳಗೆ ಹಾಕಿಕೊಂಡು ಓಡಿಸುತ್ತಿದ್ದರು. ಕೇಳಿದರೆ, "ಸರ್, ನಮ್ಮದು ಐದು ಸ್ಟಾರ್ ಕಾರು" ಎಂದರು! ಆ ಐದು ಸ್ಟಾರ್ ಇನ್ಯಾರದೋ ಅಳತೆಗೆ ಸಿಕ್ಕಿದ್ದು. ಯುರೋಪಿನ ಎನ್‌ಕ್ಯಾಪ್ 2015ರಿಂದ ಸುಮಾರು 152 ಸೆಂ.ಮೀ. ಎತ್ತರದ ಹೆಣ್ಣಿನ ಗೊಂಬೆಯನ್ನೂ ಕೂರಿಸಿ 50 ಕಿ.ಮೀ. ವೇಗದಲ್ಲಿ ಇಡೀ ಮುಂಭಾಗ ಗುದ್ದಿಸಿ ನೋಡುತ್ತಿದೆ. ನಮ್ಮ ಈಗಿನ ಮುಂಭಾಗದ ಟೆಸ್ಟ್‌ನಲ್ಲಿ ಡ್ರೈವರ್ ಸೀಟಿನಲ್ಲಿ ಅದೇ ಗಂಡಸು.

ಮತ್ತೆ, ಆ ಗೊಂಬೆ ಯಾವತ್ತೂ ಬೆಲ್ಟ್ ಮರೆಯುವುದಿಲ್ಲ. ಏರ್‌ಬ್ಯಾಗಿನ ಕೆಲಸವೆಲ್ಲ ಬೆಲ್ಟ್ ಹಾಕಿದವರನ್ನು ನಂಬಿ ಆದದ್ದು. 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಜನ, ಅದರಲ್ಲಿ 8,384 ಮಂದಿ ಡ್ರೈವರ್‌ಗಳು. ಬೆಲ್ಟಿನ ಅಲಾರಂ ಬಾಯಿ ಮುಚ್ಚಿಸುವ ಕ್ಲಿಪ್ಪುಗಳನ್ನು ಆನ್‌ಲೈನಿನಲ್ಲಿ ಮಾರಬಾರದು ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇಯಲ್ಲಿ ಆದೇಶ ಮಾಡಬೇಕಾಯಿತು. ಅಂಥ ಕ್ಲಿಪ್ ಸಿಕ್ಕಿಸಿದ ಐದು ಸ್ಟಾರ್ ಕಾರುಗಳನ್ನು ನಾನು ನೋಡಿದ್ದೇನೆ. ಸ್ಟಾರ್ ಸ್ಟಿಕ್ಕರ್ ಹಿಂದಿನ ಗಾಜಿಗೆ, ಕ್ಲಿಪ್ ಸೀಟಿನ ಪಕ್ಕಕ್ಕೆ.

ಹಾಗಾಗಿ ಶೋರೂಮಿಗೆ ಹೋಗುವಾಗ ಕಾರು ಓಡಿಸುವವರನ್ನೇ ಕರೆದುಕೊಂಡು ಹೋಗಿ. ಯಜಮಾನರು ಕೂತು ನೋಡಿದರೆ ಸಾಲದು. ಕ್ಲಚ್ ಪೂರ್ತಿ ತುಳಿದಾಗ ಎದೆಯ ಮೂಳೆಗೂ ಸ್ಟೇರಿಂಗಿಗೂ ನಡುವೆ 25 ಸೆಂ.ಮೀ. ಇರಬೇಕು. ಬೆಲ್ಟನ್ನು ಬಾಗಿಲ ಪಕ್ಕದ ಕಂಬದಲ್ಲಿ ಮೇಲೆ ಕೆಳಗೆ ಸರಿಸಲು ಬರುತ್ತದಾ, ಸೀಟು ಎತ್ತರಿಸಲು ಬರುತ್ತದಾ, ಅದೂ ನೀವು ದುಡ್ಡು ಕೊಡುವ ವೇರಿಯೆಂಟಿನಲ್ಲಿ ಉಂಟಾ ಎಂದು ಕೇಳಿ. ಬೆಲ್ಟ್ ಕುತ್ತಿಗೆಗೆ ಬರುವ ಐದು ಸ್ಟಾರಿನ ಕಾರಿಗಿಂತ ಹೆಗಲ ಮೇಲೆ ಸರಿಯಾಗಿ ಕೂರುವ ನಾಲ್ಕು ಸ್ಟಾರಿನ ಕಾರನ್ನು ನಾನು ಆರಿಸುತ್ತೇನೆ. ಅಳೆಯಲು ಶೋರೂಮಿನಲ್ಲಿ ಟೇಪ್ ಸಿಗುವುದಿಲ್ಲ, ಮನೆಯಿಂದಲೇ ತೆಗೆದುಕೊಂಡು ಹೋಗಿ.